ದಪ್ಪಿಗೆ ಮೂರು, ಕಿಕ್ಕಿಗೆ ನಾಲ್ಕು: ವಿಜಯವಾಡದಲ್ಲಿ ಮಾಡಿದ ಟ್ರ್ಯಾಕ್, ವೈಜಾಗ್ ಬೀಚಲ್ಲಿ ನುಡಿಸಿದ ಪಾಠ

ಹೋದ ವಾರದ ವಿಡಿಯೊದಲ್ಲಿ ಮಾತಾಡಿದ್ದನ್ನ ಇಲ್ಲಿ ಬರಹದಲ್ಲಿ ಹಾಕ್ತಿದ್ದೀನಿ. ಮಾತಲ್ಲಿ ಲೆಕ್ಕ ಹೇಳಿದ್ರೆ ಕೆಲವರಿಗೆ ತಪ್ಪಿ ಹೋಗುತ್ತೆ, ಅದಕ್ಕೆ ಲೆಕ್ಕಗಳನ್ನ ಇಲ್ಲಿ ನಿಧಾನವಾಗಿ ಬರೆದಿದ್ದೀನಿ.

ತುಂಬ ಜನ ಕೇಳಿದ್ದು ಒಂದೇ ಪ್ರಶ್ನೆ: "ಡಿಜೆ ಅಂದ್ರೆ ಪೆನ್‌ಡ್ರೈವ್ ಹಾಕಿ ಬಟನ್ ಒತ್ತೋದು ತಾನೇ? ಅದರಲ್ಲಿ ಕಲಿಯೋದೇನಿದೆ?" ನಮ್ಮ ಅವ್ವನೂ ಇದನ್ನೇ ಕೇಳಿದ್ಲು. ನಾನು ಬಳ್ಳಾರಿಯವನು. ಕೆಲಸದ ಮೇಲೆ ವಿಜಯವಾಡಕ್ಕೆ ಬಂದೆ. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದ್ರೆ ಊರು, ರತ್ನಾಚಲ್ ಹತ್ತಿದ್ರೆ ವಿಶಾಖಪಟ್ಟಣ, ಹಂಗೆ ನನ್ನ ಶನಿವಾರ ಭಾನುವಾರ ಕಳೆಯುತ್ತೆ. ಮೊದಲ ಸಲ ಡಿಜೆ ಕಂಟ್ರೋಲರ್ ಕೊಂಡಾಗ ಅವ್ವ ಫೋನಲ್ಲಿ, "ಮದುವಿ ಮೆರವಣಿಗ್ಯಾಗ ಹಾಡು ಹಾಕೋ ಕೆಲಸ ಏನಪಾ ಇದು?" ಅಂದ್ಲು. ಅವಳ ತಪ್ಪಲ್ಲ. ಬಳ್ಳಾರಿಯಿಂದ ಬೆಜವಾಡದವರೆಗೂ "ಡಿಜೆ" ಅಂದ್ರೆ ಮನುಷ್ಯ ಅಲ್ಲ, ಲಾರಿ ಮೇಲೆ ಪೇರಿಸಿದ ಡಬ್ಬಗಳು. "ಗಣೇಶನಿಗೆ ಡಿಜೆ ಹೇಳಿದೀವಿ" ಅಂದ್ರೆ ಸ್ಪೀಕರ್ ಬಾಡಿಗೆಗೆ ಹೇಳಿದೀವಿ ಅಂತ ಅರ್ಥ.

ಅದಕ್ಕೆ ಮೊದಲು ಬಿಡಿಸಿ ಹೇಳ್ತೀನಿ. ಇಲ್ಲಿ ಮೂರು ಬೇರೆ ಬೇರೆ ಕೆಲಸ ಇವೆ. ಒಂದು, ಟ್ರ್ಯಾಕ್ ಕಟ್ಟೋದು. ಎರಡು, ಅದನ್ನ ಬಿಡುಗಡೆ ಮಾಡೋದು. ಮೂರು, ಜನರ ಮುಂದೆ ಒಂದರ ಹಿಂದೆ ಒಂದು ಟ್ರ್ಯಾಕ್ ಜೋಡಿಸಿ ನುಡಿಸೋದು. ಮೂರರಲ್ಲೂ ನಾನು ಒಂದೊಂದು ತಪ್ಪು ಮಾಡಿದ್ದೀನಿ. ಎರಡನೇದರಲ್ಲಿ ಮಾಡಿದ ತಪ್ಪು ದೊಡ್ಡದು. ಅದನ್ನ ಹೇಳೋಕೇ ಈ ಮಾತು ಶುರು ಮಾಡಿದ್ದು.

ಇದು ಹೊರಗಿನದ್ದಾ?

ಒಂದು ಚಿಕ್ಕ ಹಿನ್ನೆಲೆ. ಎಲೆಕ್ಟ್ರಾನಿಕ್ ಸಂಗೀತ ನಮಗೆ ಇತ್ತೀಚೆಗೆ ಬಂದದ್ದು ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದ್ರೆ ಎನ್‌ಐಡಿಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇಟ್ಟು ಒಂದು ಎಲೆಕ್ಟ್ರಾನಿಕ್ ಸ್ಟುಡಿಯೊ ಮಾಡಿದ್ದರು. 1982ರಲ್ಲಿ ಮುಂಬೈಯ ಸಿನಿಮಾ ಸಂಗೀತಗಾರ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರ ಮತ್ತು ಜ್ಯುಪಿಟರ್-8 ಸಿಂಥ್ ಇಟ್ಟುಕೊಂಡು ಹತ್ತು ರಾಗಗಳನ್ನ ಡಿಸ್ಕೊ ಬೀಟ್ ಮೇಲೆ ನುಡಿಸಿ ಒಂದು ರೆಕಾರ್ಡ್ ತಂದರು. ಆಗ ಅದನ್ನ ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ, "ಅರೆ, ಇದು ಷಿಕಾಗೊದ ಆಸಿಡ್ ಹೌಸ್‌ಗಿಂತ ಮುಂಚಿನದ್ದಲ್ವಾ" ಅಂತ ಜಗತ್ತು ಬೆರಗಾಯ್ತು. ಹಾಗಾಗಿ ರಾಗ, ತಾಳ, ಯಂತ್ರ ಮೂರೂ ಸೇರೋದು ನಮ್ಮಲ್ಲಿ ಹೊಸದೇನಲ್ಲ.

ಕಟ್ಟೋದು: ತಕಿಟ ಮತ್ತು ತಕಧಿಮಿ

ವಿಜಯವಾಡದಲ್ಲಿ ನನ್ನ ಕಿವಿಗೆ ಮೊದಲು ಬಿದ್ದದ್ದು ದಪ್ಪು. ನಮ್ಮ ಕಡೆ ಹಲಗೆ, ತಮಟೆ ಅಂತೀವಲ್ಲ, ಅದರ ತೆಲುಗು ಅಣ್ಣ. ಮರದ ಬಳೆಗೆ ಚರ್ಮ ಬಿಗಿದಿರ್ತಾರೆ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆ ಕಡ್ಡಿ. ಬಾರಿಸೋ ಮುಂಚೆ ಬೆಂಕಿಗೆ ಹಿಡಿದು ಕಾಯಿಸ್ತಾರೆ, ಚರ್ಮ ಬಿಗಿಯಾಗಿ ಶ್ರುತಿ ಏರುತ್ತೆ.

ಒಬ್ಬ ದಪ್ಪು ಕಲಾವಿದರ ಪರಿಚಯ ಆಯ್ತು. ಅವರ ಹೆಸರು ಇಲ್ಲಿ ಹಾಕಿಲ್ಲ, ಬ್ಲಾಗಲ್ಲಿ ಬೇಡ ಅಂತ ಅವರೇ ಹೇಳಿದ್ದಾರೆ. ನಾನು ಬಾಬಾಯ್ ಅಂತ ಕರೀತೀನಿ, ಅಂದ್ರೆ ಚಿಕ್ಕಪ್ಪ. ಏಲೂರು ಕಾಲುವೆ ಪಕ್ಕದ ಒಂದು ಖಾಲಿ ಗೋಡೌನಲ್ಲಿ ಎರಡು ಮೈಕ್ ಇಟ್ಟು ಅವರದ್ದು 40 ನಿಮಿಷ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ, ಕೆಳಗೆ ಹೌಸ್ ಸಂಗೀತದ ಕಿಕ್ ಇಟ್ಟೆ. ನಿಮಿಷಕ್ಕೆ 124 ಬೀಟ್, ಅಂದ್ರೆ 124 ಬಿಪಿಎಂ. ಕೇಳಿದ್ರೆ ಕುಂಟು ಕುದುರೆ ಓಡಿದ ಹಾಗಿತ್ತು.

ಯಾಕೆ ಅಂತ ನೋಡಿ. ಹೌಸ್, ಟೆಕ್ನೊ ಸಂಗೀತದಲ್ಲಿ ಪ್ರತಿ ಬೀಟನ್ನ ನಾಲ್ಕು ಭಾಗ ಮಾಡ್ತಾರೆ. ಕರ್ನಾಟಕ ಸಂಗೀತ ಕಲಿತವರಿಗೆ ಸುಲಭವಾಗಿ ಹೇಳ್ಬೇಕಂದ್ರೆ ಚತುರಶ್ರ ನಡೆ: ತಕಧಿಮಿ. ಬಾಬಾಯ್ ಬಾರಿಸಿದ್ದು ತಿಶ್ರ ನಡೆ: ತಕಿಟ, ತಕಿಟ. ಮೆರವಣಿಗೆಯಲ್ಲಿ ಕಾಲು ತಾನಾಗೇ ಕುಣಿಯೋದು ಆ ಮೂರರ ತೂಗಾಟಕ್ಕೇ.

ಲೆಕ್ಕ ಹೀಗಿದೆ. 124 ಬಿಪಿಎಂನಲ್ಲಿ ಒಂದು ಬೀಟಿಗೆ ಸುಮಾರು 484 ಮಿಲಿಸೆಕೆಂಡ್. ನಾಲ್ಕು ಭಾಗ ಮಾಡಿದ್ರೆ ಪೆಟ್ಟುಗಳು 121, 242, 363ಕ್ಕೆ ಬೀಳುತ್ವೆ. ಮೂರು ಭಾಗ ಮಾಡಿದ್ರೆ 161, 323ಕ್ಕೆ. ಸಾಫ್ಟ್‌ವೇರಿನಲ್ಲಿ ಕ್ವಾಂಟೈಸ್ ಅಂತ ಒಂದು ಸೌಲಭ್ಯ ಇದೆ, ಆಚೀಚೆ ಬಿದ್ದ ಪೆಟ್ಟನ್ನ ಹತ್ತಿರದ ಗೆರೆಗೆ ಎಳೆದು ಕೂರಿಸುತ್ತೆ. ನಾನು ಗೆರೆಗಳನ್ನ ನಾಲ್ಕರಲ್ಲೇ ಬಿಟ್ಟು ಅದನ್ನ ಒತ್ತಿದ್ದೆ. 161ರಲ್ಲಿದ್ದ ಪೆಟ್ಟು 121ಕ್ಕೆ ಹೋಯ್ತು, 323ರದ್ದು 363ಕ್ಕೆ. ಪ್ರತಿ ಪೆಟ್ಟೂ 40 ಮಿಲಿಸೆಕೆಂಡ್ ಜಾಗ ಬಿಟ್ಟಿತ್ತು. ಬಾಬಾಯ್ ಮೂವತ್ತು ವರ್ಷ ಕಲಿತ ನಡೆಯನ್ನ ನಾನು ಒಂದು ಬಟನ್ನಿನಲ್ಲಿ ಅಳಿಸಿದ್ದೆ.

ಪರಿಹಾರ ಸರಳ. ಗೆರೆಗಳನ್ನ ಮೂರರ ಭಾಗಕ್ಕೆ ಬದಲಾಯಿಸಿದೆ. ಕಿಕ್ ಹಾಗೇ ಇರಲಿ, ಅದು ಬೀಟಿನ ತಲೆಯ ಮೇಲೆ ಬೀಳೋದ್ರಿಂದ ಮೂರಕ್ಕೂ ಸರಿ, ನಾಲ್ಕಕ್ಕೂ ಸರಿ. ಬದಲಾಯಿಸಬೇಕಾದ್ದು ಹೈಹ್ಯಾಟ್ ಮತ್ತು ಬೇಸ್. ಅವೂ ತಕಿಟಕ್ಕೆ ಬಂದ ಕೂಡಲೇ ಟ್ರ್ಯಾಕ್ ಉಸಿರಾಡಿತು. ಆಮೇಲೆ ಕ್ವಾಂಟೈಸ್ ತೆಗೆದೇ ಬಿಟ್ಟೆ, ಬಾಬಾಯ್ ಕೈಯೇ ಸಾಕಾಗಿತ್ತು.

ಇನ್ನೊಂದು ತೊಂದರೆ ಬಂತು. ರೆಕಾರ್ಡಿಂಗಿನ ಮೊದಲ ಐದು ನಿಮಿಷದ ಶ್ರುತಿಗೂ ಕೊನೆಯದಕ್ಕೂ ವ್ಯತ್ಯಾಸ ಇತ್ತು. ಚರ್ಮ ತಣ್ಣಗಾಗ್ತಾ ಸಡಿಲ ಆಗುತ್ತೆ. ಹಾಗಾಗಿ ಆರಂಭದ ತುಣುಕನ್ನ ಕೊನೆಯ ತುಣುಕಿನ ಪಕ್ಕ ಇಟ್ರೆ ಅಪಶ್ರುತಿ. ಒಂದೇ ಸಲ ಕಾಯಿಸಿದ ಬಿಸಿಯಲ್ಲಿ ಬಾರಿಸಿದ್ದನ್ನ ಮಾತ್ರ ಒಟ್ಟಿಗೆ ಬಳಸಿದೆ. ದಪ್ಪಿನ ದನಿಯಲ್ಲಿ 100 ಹರ್ಟ್ಜ್‌ಗಿಂತ ಕೆಳಗಿದ್ದದ್ದನ್ನ ಕತ್ತರಿಸಿದೆ, ಯಾಕಂದ್ರೆ ಆ ಜಾಗ ಕಿಕ್ ಮತ್ತು ಬೇಸಿಗೆ ಬೇಕು. ಎರಡು ದೊಡ್ಡ ದನಿ ಒಂದೇ ಜಾಗದಲ್ಲಿ ನಿಂತ್ರೆ ಎರಡೂ ಕೇಳಲ್ಲ.

ಬಿಡುಗಡೆ: ಒಂದು ಖಾಲಿ ಬಿಟ್ಟ ಜಾಗ

ಈಗ ದೊಡ್ಡ ತಪ್ಪಿನ ವಿಷಯ.

ಸ್ವತಂತ್ರವಾಗಿ ಟ್ರ್ಯಾಕ್ ಬಿಡುಗಡೆ ಮಾಡೋದು ಇವತ್ತು ಕಷ್ಟ ಅಲ್ಲ. ಒಬ್ಬ ವಿತರಕರ ಜಾಲತಾಣಕ್ಕೆ ಹೋಗಿ ವೇವ್ ಫೈಲ್, ಚೌಕಾಕಾರದ ಮುಖಚಿತ್ರ, ವಿವರಗಳನ್ನ ಕೊಟ್ಟರೆ ಅವರು ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್ ಎಲ್ಲ ಕಡೆ ಕಳಿಸ್ತಾರೆ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಅಂತ 12 ಅಕ್ಷರ ಮತ್ತು ಅಂಕೆಗಳ ಒಂದು ಗುರುತು ಸಿಗುತ್ತೆ, ಆಧಾರ್ ಸಂಖ್ಯೆ ಇದ್ದ ಹಾಗೆ. ದನಿಯ ಮಟ್ಟವನ್ನ ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್‌ಗೆ ತಂದು ನಿಲ್ಲಿಸುತ್ತೆ, ಹಾಗಾಗಿ ಅತಿಯಾಗಿ ಜೋರು ಮಾಡಿ ಕಳಿಸಿದ್ರೆ ಲಾಭ ಇಲ್ಲ. ದುಡ್ಡಿನ ಆಸೆ ಇಟ್ಕೊಂಡವರಿಗೆ ಒಂದು ಮಾತು: 2024ರಿಂದ ಒಂದು ಟ್ರ್ಯಾಕ್ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದಿದ್ರೆ ಸ್ಪಾಟಿಫೈ ಆ ಧ್ವನಿಮುದ್ರಣಕ್ಕೆ ರಾಯಲ್ಟಿ ಕೊಡಲ್ಲ.

ನಾನು ಇದನ್ನೆಲ್ಲ ಓದಿಕೊಂಡು ಜಾಣನ ಹಾಗೆ ಫಾರಂ ತುಂಬಿದೆ. ಮುಖ್ಯ ಕಲಾವಿದ: ನನ್ನ ಹೆಸರು. ನಿರ್ಮಾಪಕ: ನನ್ನ ಹೆಸರು. ಸಂಯೋಜಕ: ನನ್ನ ಹೆಸರು. ನುಡಿಸಿದ ಕಲಾವಿದರು ಅನ್ನೋ ಜಾಗ ಐಚ್ಛಿಕ ಅಂತಿತ್ತು, ಖಾಲಿ ಬಿಟ್ಟೆ. ವಿವರಣೆಯಲ್ಲಿ "ಎಥ್ನಿಕ್ ಪರ್ಕಷನ್" ಅಂತ ಬರೆದೆ. ದಪ್ಪು ಅಂತ ಕೂಡ ಬರೆಯಲಿಲ್ಲ.

ಟ್ರ್ಯಾಕ್ ಹೊರಬಂತು. ಖುಷಿಯಲ್ಲಿ ಬಾಬಾಯ್ ಮನೆಗೆ ಹೋದೆ. ಅವರ ಮಗ ಫೋನಲ್ಲಿ ಹಾಡು ಹಾಕಿ, ಪರದೆ ಮೇಲಿದ್ದ ವಿವರ ಓದಿ ಹೇಳಿದ. ಬಾಬಾಯ್ ಪೂರ್ತಿ ಕೇಳಿದರು. ಆಮೇಲೆ, "ಅಂತಾ ಬಾಗುಂದಿ ಬಾಬೂ, ನಾ ಪೇರೇದಿ?" ಅಂದರು. ಎಲ್ಲ ಚೆನ್ನಾಗಿದೆ ಬಾಬೂ, ನನ್ನ ಹೆಸರು ಎಲ್ಲಿ?

ಕೋಪದಿಂದ ಕೇಳಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. "ಆ ದಿನ ದುಡ್ಡು ಕೊಟ್ಟಿದ್ದೆನಲ್ಲ" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ, ಪುಣ್ಯ.

ಯಾಕೆ ಇದು ದೊಡ್ಡ ವಿಷಯ ಅಂತ ಕನ್ನಡಿಗರಿಗೆ ಬಿಡಿಸಿ ಹೇಳೋದು ಬೇಡ. ತಮಟೆ, ಹಲಗೆ, ದಪ್ಪು ಇವೆಲ್ಲ ದಲಿತ ಕೇರಿಗಳ ವಾದ್ಯ. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಕರೆದು ಬಾರಿಸಿಸೋದು, ಅದನ್ನ ಬಿಟ್ಟಿ ಚಾಕರಿಯಾಗಿ ಹೇರೋದು, ಬಾರಿಸಿದವನ ಹೆಸರು ಯಾರೂ ಕೇಳದೇ ಇರೋದು, ಇದು ನಮ್ಮ ಊರುಗಳಲ್ಲಿ ನಡೆದುಕೊಂಡು ಬಂದದ್ದೇ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ತಮಟೆ ಬಾರಿಸುವವರೊಬ್ಬರ ಹೆಸರು ದೇಶದ ಪಟ್ಟಿಯಲ್ಲಿ ಬಂತು ಅಂತ ನಾನೂ ಸ್ಟೇಟಸ್ ಹಾಕಿದ್ದೆ. ಸ್ಟೇಟಸ್ ಹಾಕಿದ ಅದೇ ಮನುಷ್ಯ ಫಾರಮ್ಮಿನ ಆ ಒಂದು ಜಾಗ ಖಾಲಿ ಬಿಟ್ಟಿದ್ದ.

ಮರ್ಯಾದೆಯ ಮಾತು ಪಕ್ಕಕ್ಕಿಡಿ, ಕಾನೂನೂ ಅವರ ಕಡೆಗೇ ಇದೆ. ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳು ಇರ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಇವೆರಡರ ಜೊತೆಗೆ ನುಡಿಸಿದವರ ಹಕ್ಕು ಮೂರನೇದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದಾಗ 38ಬಿ ಅನ್ನೋ ಕಲಂ ಸೇರಿತು. ತಾನು ನುಡಿಸಿದ್ದಕ್ಕೆ ತನ್ನನ್ನ ನುಡಿಸಿದವನು ಅಂತ ಗುರುತಿಸಬೇಕು ಅಂತ ಕೇಳುವ ಹಕ್ಕನ್ನ ಅದು ಕಲಾವಿದನಿಗೆ ಕೊಡುತ್ತೆ. ದಿನಗೂಲಿ ಕೊಟ್ಟ ಮಾತ್ರಕ್ಕೆ ಹೆಸರು ನಮ್ಮದಾಗಲ್ಲ.

ಮುಖ್ಯ ಕಲಾವಿದರ ಸಾಲು ಬದಲಾಯಿಸಬೇಕಾದ್ರೆ ಟ್ರ್ಯಾಕ್ ವಾಪಸ್ ತೆಗೆದು ಮತ್ತೆ ಹಾಕಬೇಕು ಅಂತ ನನ್ನ ವಿತರಕರು ಹೇಳಿದರು. ತೆಗೆದೆ. ಎರಡು ಪ್ಲೇಲಿಸ್ಟ್‌ಗಳಿಂದ ಅದು ಬಿದ್ದು ಹೋಯ್ತು, ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದ್ರೆ ದನಿ ಬದಲಾಗಿಲ್ಲದ ಕಾರಣ ಅದೇ ಐಎಸ್‌ಆರ್‌ಸಿ ಇಟ್ಟುಕೊಂಡೆ. ಇದನ್ನ ನೆನಪಿಡಿ: ಹೆಸರು ತಿದ್ದಿದ್ರೆ ಹಳೇ ಗುರುತೇ ಸಾಕು, ಹೊಸ ಮಿಕ್ಸ್ ಮಾಡಿದ್ರೆ ಹೊಸ ಗುರುತು ಬೇಕು. ಮುಖ್ಯ ಕಲಾವಿದರ ಸಾಲಿನಲ್ಲಿ ಇಬ್ಬರ ಹೆಸರು ಹಾಕಿದೆ. ವಾದ್ಯದ ಜಾಗದಲ್ಲಿ ದಪ್ಪು ಅಂತ ಬರೆದೆ. ಬಂದ ಹಣದಲ್ಲಿ ಅರ್ಧರ್ಧ ಅಂತ ತೆಲುಗಿನಲ್ಲಿ ಒಂದು ಪುಟ ಬರೆಸಿ, ಅವರ ಮಗ ಓದಿ ಹೇಳಿದ ಮೇಲೆ ಇಬ್ಬರೂ ಸಹಿ ಹಾಕಿದೆವು.

ಸಿನಿಮಾ ಹಾಡಿನ ರೀಮಿಕ್ಸ್ ಬಗ್ಗೆ ಕೇಳಿದವರಿಗೆ ಇಲ್ಲೇ ಹೇಳಿಬಿಡ್ತೀನಿ. ಮೂಲ ಧ್ವನಿಮುದ್ರಣ ಎತ್ತಿಕೊಂಡು ಕೆಳಗೆ ಬೀಟ್ ಹಾಕಿ ನಿಮ್ಮ ಹೆಸರಲ್ಲಿ ಬಿಡುಗಡೆ ಮಾಡೋಕೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. ಮದುವೆ ಮತ್ತು ಮದುವೆ ಮೆರವಣಿಗೆಯಲ್ಲಿ ಹಾಡು ಹಾಕೋದಕ್ಕೆ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಆ ವಿನಾಯಿತಿ ಟಿಕೆಟ್ ಇಟ್ಟು ಮಾಡೋ ಕಾರ್ಯಕ್ರಮಕ್ಕೆ ಬರಲ್ಲ, ಬಿಡುಗಡೆಗಂತೂ ಬರೋದೇ ಇಲ್ಲ.

ನುಡಿಸೋದು: 20 ಮೀಟರಿನ ಮೋಸ

ಈಗ ಬಟನ್ ಒತ್ತೋ ವಿಷಯ. ಡಿಜೆ ಮಾಡೋ ಮೂಲ ಕೆಲಸ ಬೀಟ್ ಹೊಂದಿಸೋದು. 124ರಲ್ಲಿ ಓಡ್ತಿರೋ ಟ್ರ್ಯಾಕನ್ನ 126ಕ್ಕೆ ತರಬೇಕಾದ್ರೆ ವೇಗ 1.6 ಶೇಕಡ ಏರಿಸಬೇಕು. ಶ್ರುತಿ ಹಿಡಿದಿಡುವ ಸೌಲಭ್ಯ ಇಲ್ಲದೆ ಸುಮಾರು 6 ಶೇಕಡ ಏರಿಸಿದ್ರೆ ಇಡೀ ಹಾಡು ಅರ್ಧ ಸ್ವರ ಮೇಲೆ ಹೋಗುತ್ತೆ. ನೃತ್ಯಸಂಗೀತವನ್ನ 8, 16, 32 ಆವರ್ತಗಳ ಕಂತಿನಲ್ಲಿ ಕಟ್ಟಿರ್ತಾರೆ. 124ರಲ್ಲಿ 32 ಆವರ್ತ ಅಂದ್ರೆ ಸುಮಾರು 62 ಸೆಕೆಂಡ್. ಹೊಸ ಟ್ರ್ಯಾಕ್ ಆ ಕಂತಿನ ತಲೆಗೆ ಸರಿಯಾಗಿ ಒಳಗೆ ಬರಬೇಕು, ಮತ್ತು ಅದರ ಬೇಸ್ ಏರಿಸುವಾಗ ಹಳೇದರ ಬೇಸ್ ಇಳಿಸಬೇಕು. ಅಲ್ಲೂ ಅದೇ ನಿಯಮ, ಒಂದು ಜಾಗಕ್ಕೆ ಒಬ್ಬರು.

ವಿಶಾಖಪಟ್ಟಣದಲ್ಲಿ ಬೀಚ್ ಪಕ್ಕ, ಬಯಲಲ್ಲಿ ನನ್ನ ಮೊದಲ ಕಾರ್ಯಕ್ರಮ ಇತ್ತು. ಮನೆಯಲ್ಲಿ ನೂರು ಸಲ ಅಭ್ಯಾಸ ಮಾಡಿದ್ದೆ. ವೇದಿಕೆ ಹತ್ತಿದ ಮೇಲೆ ಪ್ರತಿ ಮಿಕ್ಸೂ ಹಾಳಾಯ್ತು. ನನಗೆ ಸರಿಯಾಗಿ ಕೇಳ್ತಿದೆ, ಜನಕ್ಕೆ ಎರಡೆರಡು ಕಿಕ್ ಕೇಳ್ತಿದೆ. ಮುಂದೆ ನಿಂತಿದ್ದ ಹುಡುಗರು ಕುಣಿಯೋದು ಬಿಟ್ಟು ಮುಖ ಮುಖ ನೋಡಿಕೊಂಡರು.

ಕಾರಣ ಶಬ್ದದ ವೇಗ. ಸೆಕೆಂಡಿಗೆ ಸುಮಾರು 343 ಮೀಟರ್. ಮುಖ್ಯ ಸ್ಪೀಕರ್ ನನ್ನಿಂದ 20 ಮೀಟರ್ ದೂರ ಇತ್ತು, ಅಲ್ಲಿಂದ ದನಿ ನನ್ನ ಕಿವಿಗೆ ಬರೋಕೆ 58 ಮಿಲಿಸೆಕೆಂಡ್ ತಗೊಳ್ತಿತ್ತು. ಹೊಸ ಟ್ರ್ಯಾಕ್ ಮಾತ್ರ ಹೆಡ್‌ಫೋನಿನಲ್ಲಿ ತಕ್ಷಣ ಕೇಳ್ತಿತ್ತು. ತಡವಾಗಿ ಬರ್ತಿದ್ದ ದನಿಗೆ ನಾನು ಹೊಸದನ್ನ ಹೊಂದಿಸಿದ್ರೆ, ಹೊಸದು ನಿಜವಾಗಿ 58 ಮಿಲಿಸೆಕೆಂಡ್ ಹಿಂದೆ ಬೀಳುತ್ತೆ. 484ರ ಬೀಟಿನಲ್ಲಿ ಅದು ಸಣ್ಣದಲ್ಲ, ಸ್ಪಷ್ಟವಾಗಿ ಎರಡು ಪೆಟ್ಟಾಗಿ ಕೇಳುತ್ತೆ. ಪಟ್ಟಣದ ಕೋಣೆಯಲ್ಲಿ ಸ್ಪೀಕರ್ ತಲೆ ಪಕ್ಕ ಇರೋದ್ರಿಂದ ಇದು ಗೊತ್ತೇ ಆಗಲ್ಲ.

ಅದಕ್ಕೆ ಎರಡು ದಾರಿ ಇವೆ. ಒಂದು, ಕಿವಿ ಹತ್ತಿರ ನಿಮಗೊಂದೇ ಮಾನಿಟರ್ ಸ್ಪೀಕರ್ ಕೇಳಿ ಇಡಿಸಿಕೊಳ್ಳಿ. ಎರಡು, ಅದಿಲ್ಲದಿದ್ರೆ ಹೆಡ್‌ಫೋನಿನಲ್ಲೇ ಎರಡೂ ಟ್ರ್ಯಾಕ್ ಬೆರೆಸಿ ಕೇಳಿ, ಹೊರಗಿನ ದನಿಯನ್ನ ನಂಬಬೇಡಿ. ಮಿಕ್ಸರಿನಲ್ಲಿ ಅದಕ್ಕೊಂದು ತಿರುಪು ಇರುತ್ತೆ.

ಜೋರು ಎಷ್ಟು ಅನ್ನೋದಕ್ಕೂ ನಿಯಮ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಇಟ್ಟ ಸಾರ್ವಜನಿಕ ಜಾಗದ ಗಡಿಯಲ್ಲಿ, ಆ ಪ್ರದೇಶಕ್ಕೆ ಗೊತ್ತುಮಾಡಿದ ಮಟ್ಟಕ್ಕಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಯಾವುದು ಕಡಿಮೆಯೋ ಅದನ್ನ ಮೀರಬಾರದು. ವಸತಿ ಪ್ರದೇಶಕ್ಕೆ ಹಗಲಿನ ಮಟ್ಟ 55, ಹಾಗಾಗಿ ಅಲ್ಲಿ ಮಿತಿ 65. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಲಾರಿ ಡಬ್ಬಗಳ ಮೇಲೆ ಪೊಲೀಸರು ಬೀಳೋದು ಇದಕ್ಕೇ. ನೀವೂ ಸಮಯ ನೋಡಿಕೊಳ್ಳಿ.

ಎರಡನೇ ಸಲ

ವೈಜಾಗಿಗೆ ಎರಡನೇ ಸಲ ಹೋಗುವಾಗ ಬಾಬಾಯ್ ಜೊತೆಗಿದ್ದರು. ಬೆಳಗಿನ ರತ್ನಾಚಲ್, ಸುಮಾರು 350 ಕಿಲೋಮೀಟರ್, ಮೇಲಿನ ಸಾಮಾನು ಕಟ್ಟೆಯಲ್ಲಿ ಎರಡು ದಪ್ಪು. ಒಂದು ಚರ್ಮದ್ದು, ಒಂದು ಫೈಬರ್ ಹೊದಿಕೆಯದ್ದು. ಎರಡು ಯಾಕೆ ಬಾಬಾಯ್ ಅಂದೆ. "ಸಮುದ್ರದ ಗಾಳಿಗೆ ಚರ್ಮ ಹತ್ತು ನಿಮಿಷ ನಿಲ್ಲಲ್ಲ ಬಾಬೂ. ಅಲ್ಲಿ ಬೆಂಕಿ ಹಾಕೋಕೆ ಬಿಡ್ತಾರಾ?" ಅಂದರು. ಬಿಡಲಿಲ್ಲ. ನಾನು ಇಷ್ಟು ಹೊತ್ತು ಶ್ರುತಿಯ ಬಗ್ಗೆ ಬರೆದದ್ದೆಲ್ಲ ಅವರಿಗೆ ರೈಲು ಹತ್ತೋ ಮುಂಚೆಯೇ ಗೊತ್ತಿತ್ತು.

ರಾತ್ರಿ ಒಂಬತ್ತೂವರೆಗೆ ನಮ್ಮ ಟ್ರ್ಯಾಕ್ ಹಾಕಿದೆ, ರೆಕಾರ್ಡಾದ ದಪ್ಪಿನ ದನಿ ತೆಗೆದು. ಬಾಬಾಯ್ ನನ್ನ ಮಾನಿಟರ್ ಪಕ್ಕವೇ ನಿಂತು ಬಾರಿಸಿದರು. ಮೂರು ನಿಮಿಷ ಕಿಕ್ಕಿನ ಮೇಲೆ ಗಟ್ಟಿಯಾಗಿ ಕೂತಿದ್ದರು. ಜನ ಶಿಳ್ಳೆ ಹಾಕೋಕೆ ಶುರು ಮಾಡಿದ ಮೇಲೆ ಅವರ ಕೈ ಮುಂದಕ್ಕೆ ಓಡಿತು. ಯಂತ್ರ ಓಡಲ್ಲ, 124 ಅಂದ್ರೆ 124. ಅವರನ್ನ ಹಿಂದಕ್ಕೆ ಎಳೆಯೋಕೆ ನನಗೆ ಮನಸ್ಸಾಗಲಿಲ್ಲ. ವೇಗದ ಫೇಡರ್ ಮೇಲೆ ಬೆರಳಿಟ್ಟು, ಅವರ ಕೈ ನೋಡ್ತಾ, ನಿಧಾನವಾಗಿ 126ಕ್ಕೆ ತಂದೆ. ಒಮ್ಮೆ ನನ್ನ ಕಡೆ ತಿರುಗಿ ತಲೆ ಆಡಿಸಿದರು.

ಮುಗಿದ ಮೇಲೆ ನಿರೂಪಕರು ಮೈಕ್ ತಗೊಂಡು ಇಬ್ಬರ ಹೆಸರು ಹೇಳಿದರು. ನನ್ನ ಹೆಸರನ್ನ ತಪ್ಪಾಗಿ ಹೇಳಿದರು, ಬಾಬಾಯ್ ಹೆಸರನ್ನ ಸರಿಯಾಗಿ ಹೇಳಿದರು.

ಈ ವಾರ ಇಷ್ಟೇ. ಮನೆಯಲ್ಲಿ ಕೂತು ಟ್ರ್ಯಾಕ್ ಮಾಡ್ತಿರೋರಿಗೆ ಒಂದು ಕೆಲಸ: ನಿಮ್ಮ ಹಳೇ ಫೈಲುಗಳನ್ನ ತೆಗೆದು, ಅದರಲ್ಲಿ ಯಾರ ಕೈ, ಯಾರ ದನಿ ಇದೆ ಅಂತ ಒಂದು ಕಾಗದದಲ್ಲಿ ಬರೆಯಿರಿ. ಬಿಡುಗಡೆ ಆಮೇಲೆ ಮಾಡಿ. ಮುಂದಿನ ಮಾತಿನಲ್ಲಿ ಎರಡು ಸಾದಾ ಮೈಕಿನಲ್ಲಿ ಚರ್ಮವಾದ್ಯ ರೆಕಾರ್ಡ್ ಮಾಡೋದು ಹೇಗೆ ಅಂತ ನೋಡೋಣ. ಬಾಬಾಯ್ ಬರ್ತೀನಿ ಅಂದಿದ್ದಾರೆ.